ಟವೆಲ್ಲಿನ ಕೆಳಗಿನ ಗಾಡಿ ವ್ಯಾಪಾರ

ನನ್ನ ದವಾಖಾನೆಯ ಬೀರುವಿನ ಮೇಲೆ ಮೂರಡಿ ಉದ್ದದ ಒಂದು ರಟ್ಟಿನ ಬೀಗದಕೈ ಮಲಗಿದೆ. ಮೈತುಂಬ ಬಂಗಾರದ ಬಣ್ಣದ ಕಾಗದ, ಕೊರಳಿಗೆ ಕೆಂಪು ರಿಬ್ಬನ್ನು. ಹಲ್ಲುನೋವೆಂದು ಬಂದವರು ತಮ್ಮ ಸರದಿ ಬರುವವರೆಗೆ ಅದನ್ನೇ ನೋಡುತ್ತಾ ಕೂರುತ್ತಾರೆ. ಮೊನ್ನೆ ಬಂಡ್ರಿಯಿಂದ ಬಂದಿದ್ದ ಅಜ್ಜಿಯೊಬ್ಬಳು, "ಇದ್ಯಾವ ಬಾಗಲದ್ದೋ ಯಪ್ಪಾ?" ಎಂದು ಕೇಳಿದಳು. ಬಾಗಿಲಿನದಲ್ಲ, ಗಾಡಿಯದು ಎಂದೆ. ಆ ಗಾಡಿಗೆ ಬೀಗದಕೈಯೇ ಇಲ್ಲ, ಜೇಬಿನಲ್ಲಿಡುವ ಒಂದು ಕಾರ್ಡು ಅಷ್ಟೇ ಎಂದು ವಿವರಿಸಲು ಹೋಗಲಿಲ್ಲ. ಅಜ್ಜಿಯ ದವಡೆ ಆಗಲೇ ಊದಿಕೊಂಡಿತ್ತು.

ಹಲ್ಲಿನ ಡಾಕ್ಟರರನ್ನು ಕಂಡು ನೀವು ಹೆದರಿರಬಹುದು, ಬೈದಿರಬಹುದು. ಕನಿಕರಪಟ್ಟಿರಲಿಕ್ಕಿಲ್ಲ. ಇನ್ನು ಮುಂದೆ ಸ್ವಲ್ಪ ಕನಿಕರಪಡಿ ಎಂದು ಕೇಳಿಕೊಳ್ಳುತ್ತೇನೆ. ಕಟಿಂಗ್ ಶಾಪಿನವನಿಗೆ ಗಿರಾಕಿಗಳು ಊರ ಸುದ್ದಿಯನ್ನೆಲ್ಲ ತಂದು ಸುರಿಯುತ್ತಾರೆ. ಕಿರಾಣಿ ಅಂಗಡಿಯವನಿಗೆ ಯಾರ ಮನೆಗೆ ಬೀಗರು ಬಂದಿದ್ದಾರೆ ಎಂಬುದು ಬೆಲ್ಲದ ತೂಕದಲ್ಲೇ ತಿಳಿದುಹೋಗುತ್ತದೆ. ನನ್ನೆದುರು ಕೂತವರೂ ಬಾಯಿ ತೆರೆಯುತ್ತಾರೆ, ಅಗಲವಾಗಿಯೇ ತೆರೆಯುತ್ತಾರೆ, ಆದರೆ ಅದರೊಳಗಿಂದ ಹೊರಡುವುದು 'ಆಂ', 'ಊಂ' ಎರಡೇ. "ಮಗಳ ಮದಿವಿ ಆತೇನ್ರಿ?" ಎಂದರೆ 'ಆಂ'. "ಕಬ್ಬು ಹೆಂಗೈತ್ರಿ ಈ ಸಲ?" ಎಂದರೆ 'ಊಂ'. ಕೆಲಸ ಮುಗಿದು ಬಾಯಿಗೆ ಬಿಡುಗಡೆ ಸಿಕ್ಕಿತೋ, ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ. ಮೂವತ್ತು ವರ್ಷದಲ್ಲಿ ಹೊಸಪೇಟೆಯ ಅರ್ಧ ಊರಿನ ಬಾಯಿ ನೋಡಿದ್ದೇನೆ, ಮಾತು ಕೇಳಿದ್ದು ಕಡಿಮೆ.

ಮನೆಗೆ ಹೋದರೆ ಅಲ್ಲಿ ಆಂ, ಊಂ ಎನ್ನುವವರೂ ಇಲ್ಲ. ನನಗೆ ಮದುವೆಯಾಗಿಲ್ಲ. ಅದರ ಹಿಂದೆ ಪ್ರೇಮಭಂಗದ ಕಥೆ ಏನಾದರೂ ಇದ್ದೀತೆಂದು ಆಸೆಪಡಬೇಡಿ. ಆರಿಸಲು ಬಾರದ ಹುಟ್ಟುಗುಣ ನನ್ನದು. ವಯಸ್ಸಿನಲ್ಲಿ ಹೆಣ್ಣು ನೋಡಲು ಸಂಡೂರು, ಕಂಪ್ಲಿ, ಗಂಗಾವತಿ ಎಲ್ಲ ಸುತ್ತಿದೆ. ಹೋದಲ್ಲೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು "ಒಂದ್ ವಾರದಾಗ ತಿಳಸ್ತೀವ್ರಿ" ಎಂದು ಎದ್ದು ಬರುತ್ತಿದ್ದೆ. ಆ ಹುಡುಗಿಯ ಮಾತು ಚೆನ್ನಾಗಿತ್ತು, ಈ ಹುಡುಗಿಯ ನಗು ಚೆನ್ನಾಗಿತ್ತು ಎಂದು ತೂಗುತ್ತಾ ಕೂತಿರುವಷ್ಟರಲ್ಲಿ ಇಬ್ಬರ ಲಗ್ನಪತ್ರಿಕೆಗಳೂ ಮನೆಗೆ ಬರುತ್ತಿದ್ದವು. ಎರಡೂ ಮದುವೆಗೆ ಹೋಗಿ ಉಂಡು ಬಂದೆ. ಅವರಲ್ಲೊಬ್ಬಾಕೆ ಈಗ ಮೊಮ್ಮಗನ ಹಲ್ಲು ತೋರಿಸಲು ನನ್ನಲ್ಲಿಗೇ ಬರುತ್ತಾಳೆ. ನಾನು ಫೀಸು ತೆಗೆದುಕೊಳ್ಳುವುದಿಲ್ಲ.

ಇಂಥ ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಎರಡು ಗಾಡಿಗಳ ನಡುವೆ ಸಿಕ್ಕಿಕೊಂಡೆ. ಒಂದು, ಕರೆಂಟಿನ ಮೇಲೆ ಓಡುವ ಹೊಸ ಸೆಡಾನು. ಬೂದು ಬಣ್ಣ, ಐದು ಸೀಟು, ಉಸಿರಿನಷ್ಟೂ ಸದ್ದಿಲ್ಲ, ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥ ಓಟ. ಇನ್ನೊಂದು, ಕಂಪ್ಲಿಯ ಮುಚ್ಚಿದ ರೈಸ್ ಮಿಲ್ಲೊಂದರ ಒಳಗೆ ನಿಂತಿದ್ದ ಹಳೇ ಪೆಟ್ರೋಲ್ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆಯ ಚಾವಣಿ. ಮೊದಲನೆಯದಕ್ಕೆ ಎಂಟು ವರ್ಷದ ಗ್ಯಾರಂಟಿ. ಎರಡನೆಯದು ಮಿಲ್ಲಿನ ಗೇಟು ದಾಟುವುದಕ್ಕೂ ಗ್ಯಾರಂಟಿ ಇಲ್ಲ. ಬುದ್ಧಿ ನೆಟ್ಟಗಿದ್ದವನು ಐದು ನಿಮಿಷದಲ್ಲಿ ತೀರ್ಮಾನಿಸುತ್ತಿದ್ದ. ನಾನು ಎಂಟು ತಿಂಗಳು ತೆಗೆದುಕೊಂಡೆ.

ಕರೆಂಟಿನ ಗಾಡಿಯ ಕಡೆಯವಳು ನಂದಿನಿ. ಚೋರನೂರಿನ ರೈತರ ಮಗಳು, ಓದು ಮುಗಿಸಿ ಬೈಪಾಸಿನ ಹತ್ತಿರದ ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದಳು. ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಅವಳ ಫೋನು. ಆ ಹೊತ್ತಿಗೆ ನನ್ನ ಎರಡೂ ಕೈ ಯಾರದೋ ಬಾಯೊಳಗಿರುತ್ತಿದ್ದವು. "ಒಂದ್ ನಿಮಿಷ, ಹಂಗ ಬಾಯಿ ತಗದು ಕುಂದ್ರಿ" ಎಂದು ಕೈಗವಸು ಕಿತ್ತು ಫೋನು ಎತ್ತುತ್ತಿದ್ದೆ.

"ಸರ್, ನಾಷ್ಟಾ ಆತೇನ್ರಿ?"

"ಆತಮ್ಮಾ. ನಿಂದು?"

"ನಂದೂ ಆತ್ರಿ. ಡಿಸೈಡ್ ಮಾಡಿದ್ರೇನ್ರಿ ಸರ್?"

"ಇಲ್ಲಮ್ಮಾ, ಒಂದ್ ಸಣ್ಣ ಡೌಟ್ ಐತಿ."

ಆ ಡೌಟುಗಳನ್ನು ನಾನು ಬೆಳಗ್ಗೆ ಹಲ್ಲುಜ್ಜುವಾಗಲೇ ಯೋಚಿಸಿಟ್ಟುಕೊಳ್ಳುತ್ತಿದ್ದೆ. ಮಳೆಯಲ್ಲಿ ಚಾರ್ಜಿಗೆ ಹಾಕಬಹುದೇ? ಸಂಡೂರಿನ ಘಾಟಿ ಏರುವಾಗ ಖರ್ಚಾದ ಕರೆಂಟು ಇಳಿಯುವಾಗ ಎಷ್ಟು ವಾಪಸು ಬರುತ್ತದೆ? ಅದಿರಿನ ಧೂಳು ಚಾರ್ಜಿನ ತೂತಿನೊಳಗೆ ಕೂತರೆ ಗತಿಯೇನು? ಪಾಪ, ಒಂದೊಂದಕ್ಕೂ ಅವಳು ಕಂಪನಿಯವರನ್ನು ಕೇಳಿ ಮಾರನೆಯ ದಿನ ಉತ್ತರ ತರುತ್ತಿದ್ದಳು. ಕೆಲವೊಮ್ಮೆ ಮಾತು ಬ್ಯಾಟರಿಯನ್ನು ಬಿಟ್ಟು ಅವಳ ಹಾಸ್ಟೆಲ್ಲಿನ ನೀರು ಸಾರಿನ ಕಡೆಗೋ, ಚೋರನೂರಿನ ಹೊಲದ ಶೇಂಗಾದ ಕಡೆಗೋ ಹೊರಳುತ್ತಿತ್ತು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು 'ಊಂ' ಎಂದು ತಮ್ಮ ಇರವನ್ನು ನೆನಪಿಸುವವರೆಗೂ ನಾನು ಫೋನು ಇಡುತ್ತಿರಲಿಲ್ಲ.

ಒಮ್ಮೆ ಒಂದು ದಿನದ ಮಟ್ಟಿಗೆ ಗಾಡಿಯನ್ನೇ ನನ್ನ ಮನೆಗೆ ಕಳಿಸಿದಳು, ಓಡಿಸಿ ನೋಡಲಿ ಎಂದು. ಕಮಲಾಪುರದ ದಾರಿಯಲ್ಲಿ ಒಂದು ಗೊನೆ ಬಾಳೆಹಣ್ಣು ಕೊಂಡು ಪಕ್ಕದ ಸೀಟಿನ ಮೇಲಿಟ್ಟೆ. ಗಾಡಿ ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಕೊಂಡಿಲ್ಲ ಎಂದು ಎದುರಿನ ಪರದೆಯ ಮೇಲೆ ಕೆಂಪು ಗುರುತು. ಗೊನೆಯ ಭಾರಕ್ಕೆ ಅಲ್ಲಿ ಯಾರೋ ಇದ್ದಾರೆಂದು ಅದು ನಂಬಿಬಿಟ್ಟಿತ್ತು. ಹಣ್ಣನ್ನು ಎತ್ತಿ ಕಾಲ ಬಳಿ ಇಟ್ಟಿದ್ದರೆ ಮುಗಿಯುತ್ತಿತ್ತು. ನಾನು ಗೊನೆಗೆ ಬೆಲ್ಟು ಹಾಕಿದೆ. ಗಾಡಿಗೆ ಸಮಾಧಾನವಾಯಿತು. ಹಂಪಿಯವರೆಗೆ ಹಾಗೇ ಹೋದೆವು. ಹೋದೆವು ಎಂದು ಬರೆದಿದ್ದೇನೆ, ಇರಲಿ, ತಿದ್ದುವುದಿಲ್ಲ. ಬಂಡೆಗಳ ನಡುವಿನ ತಿರುವಿನಲ್ಲಿ "ಗಟ್ಟಿ ಹಿಡಕೊಂಡು ಕುಂದ್ರು" ಎಂದು ಒಂದೆರಡು ಸಲ ಬಾಯಿಂದ ಬಂದದ್ದೂ ನಿಜ. ಹಂಪಿಯಲ್ಲಿ ನಿಲ್ಲಿಸಿದಾಗ ಗೈಡ್ ಒಬ್ಬ ಓಡಿಬಂದು ಆ ಕಡೆಯ ಕಿಟಕಿಯಲ್ಲಿ ಬಗ್ಗಿದ, ಬೆಲ್ಟು ಹಾಕಿಕೊಂಡು ಕೂತ ಬಾಳೆಗೊನೆ ಕಂಡ, ನನ್ನ ಮುಖ ನೋಡಿದ, ಏನೂ ಕೇಳದೆ ಬೇರೆ ಗಾಡಿಯ ಕಡೆಗೆ ಹೋದ.

ಆ ಗಾಡಿಯಲ್ಲಿ ಇನ್ನೊಂದು ತಮಾಷೆ ಇತ್ತು. ಸದ್ದಿಲ್ಲದ್ದಕ್ಕೆ ಬೇಸರಪಡುವವರಿಗೆಂದೇ, ಪರದೆಯ ಮೇಲೆ ಒಂದು ಕಡೆ ಒತ್ತಿದರೆ ಸ್ಪೀಕರಿನೊಳಗಿಂದ ಪೆಟ್ರೋಲ್ ಇಂಜಿನ್ನಿನ ಗುರುಗುಟ್ಟುವಿಕೆ ಕೇಳಿಬರುತ್ತಿತ್ತು. "ಮಸ್ತ್ ಐತಿ ಅಲ್ರಿ ಸರ್?" ಎಂದು ನಂದಿನಿ ಕೇಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಆ ವಿದ್ಯೆ ನಮ್ಮಪ್ಪನಿಗೆ ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಅಪ್ಪ ಸಂಡೂರಿನ ಒಂದು ಗಣಿಯ ಮ್ಯಾನೇಜರ್ ಸಾಹೇಬರ ಡ್ರೈವರ್. ಹಗಲೆಲ್ಲ ಜೀಪು ಓಡಿಸುವುದು, ಸಂಜೆ ಸಾಹೇಬರ ಎರಡು ಸೀಟಿನ ಕೆಂಪು ಗಾಡಿಯನ್ನು ಒರೆಸುವುದು. ಗಣಿಯ ಧೂಳೂ ಕೆಂಪು, ಗಾಡಿಯೂ ಕೆಂಪು, ಧೂಳು ಕೂತದ್ದು ಕಣ್ಣಿಗೆ ಕಾಣುವಂತಿರಲಿಲ್ಲ. ಅಪ್ಪ ಬೆರಳಿನಿಂದ ಸವರಿ ಪತ್ತೆ ಮಾಡುತ್ತಿದ್ದ. ಸಾಹೇಬರು ಊರಿನಲ್ಲಿಲ್ಲದ ದಿನ ನನ್ನನ್ನು ಅದರೊಳಗೆ ಕೂರಿಸುತ್ತಿದ್ದ. ಓಡಿಸಲು ಹುಕುಂ ಇರಲಿಲ್ಲ. ಷೆಡ್ಡಿನಲ್ಲೇ ನಿಂತ ಗಾಡಿ, ಸ್ಟೇರಿಂಗು ಹಿಡಿದ ಅಪ್ಪ, ಪಕ್ಕದಲ್ಲಿ ನಾನು. ಅಪ್ಪ ತುಟಿ ಕೂಡಿಸಿ ಡುರ್‌ರ್‌ರ್ ಎಂದು ಶುರು ಮಾಡಿದನೆಂದರೆ ಪ್ರಯಾಣ ಹೊರಟ ಹಾಗೆ. ಗೇರು ಬದಲಿಸಿದಂತೆ ಸದ್ದೂ ಬದಲಾಗುತ್ತಿತ್ತು. ಎರಡನೆಯ ಗೇರಿಗೆ ಬಂದಾಗ ಮಾತ್ರ ಒಂದು ಸಲ ಕೆಮ್ಮುತ್ತಿದ್ದ. ಎದುರಿನಿಂದ ಅದಿರಿನ ಲಾರಿ ಬಂದರೆ ಹಾರನ್ನೂ ಅವನೇ.

"ಹೊಸಪ್ಯಾಟಿ ಬಂತು ನೋಡಲೇ, ಇಳೀತೀಯೇನು?"

"ಬ್ಯಾಡಪ್ಪಾ, ಹಂಪಿಗೆ ಹೋಗೂಣು."

ಹಂಪಿಗೆ ಹೋಗುತ್ತಿದ್ದೆವು, ಅಲ್ಲಿಂದ ಕಂಪ್ಲಿಗೆ ಹೋಗಿ ಹೊಳೆ ನೋಡುತ್ತಿದ್ದೆವು, ಕತ್ತಲಾಗುವ ಮೊದಲು ಷೆಡ್ಡಿಗೆ ವಾಪಸು. ಗಾಜಿನ ಮೇಲೆ ಎಂಜಲು ಸಿಡಿದಿದ್ದರೆ ಅಪ್ಪ ಮತ್ತೊಮ್ಮೆ ಒರೆಸುತ್ತಿದ್ದ. ಆಮೇಲೆ ಬಾನೆಟ್ಟು ಎತ್ತಿ, ಹೆಬ್ಬೆರಳಿನ ಗಾತ್ರದ ಒಂದು ಕಂದು ತುಂಡನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದರ ಹೆಸರು ರೋಟರ್. "ಇದೊಂದ್ ಕಿತ್ತಿಟ್ಟರ ದೇವ್ರು ಬಂದ್ರೂ ಗಾಡಿ ಚಾಲೂ ಆಗಂಗಿಲ್ಲ" ಎನ್ನುತ್ತಿದ್ದ. ಕಳ್ಳರ ಭಯಕ್ಕೆ ಆಗಿನ ಡ್ರೈವರುಗಳು ಹಿಡಿದಿದ್ದ ಉಪಾಯ ಅದು. ಮನೆಯಲ್ಲಿ ರೋಟರ್ ನನ್ನ ಆಟದ ಸಾಮಾನು. ತಲೆಯ ಮೇಲೆ ಹಿತ್ತಾಳೆಯ ಪಟ್ಟಿ, ಕೆಳಗೆ ತೂತು, ನೋಡಲು ಕಿತ್ತ ದವಡೆ ಹಲ್ಲಿನ ಹಾಗೆ. ನಾನು ಹಲ್ಲಿನ ಡಾಕ್ಟರಾದದ್ದು ಅದರಿಂದಲೇ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ನಿಜವಾದ ಕಾರಣ, ಬೇರೆ ಕೋರ್ಸಿನಲ್ಲಿ ಸೀಟು ಸಿಗಲಿಲ್ಲ.

ಸಾಹೇಬರು ಊರು ಬಿಡುವಾಗ ಗಾಡಿ ಮಾರಿದರು. ಕೆಲವು ವರ್ಷಗಳಲ್ಲಿ ಅಪ್ಪನೂ ಹೋದ. ಹೋದ ವರ್ಷ ಕಂಪ್ಲಿಯ ಶರಣಪ್ಪನವರು ಹಲ್ಲು ಸೆಟ್ಟು ಮಾಡಿಸಿಕೊಳ್ಳಲು ನನ್ನಲ್ಲಿಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಮಕ್ಕಳಿಲ್ಲ, ಹೆಂಡತಿ ತೀರಿಕೊಂಡ ಮೇಲೆ ಮಿಲ್ಲು ಮುಚ್ಚಿ ಅದರ ಆಫೀಸು ಕೋಣೆಯಲ್ಲೇ ಮಂಚ ಹಾಕಿಕೊಂಡಿದ್ದವರು. ಪ್ರಾಯದಲ್ಲಿ ಷೋಕಿಗೆಂದು ಕೊಂಡ ಹಳೇ ಗಾಡಿಯೊಂದಿದೆ, ಯಾರಾದರೂ ಬೇಕೆಂದರೆ ಹೇಳಿ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅದರ ನಂಬರು ನನಗೆ ಚಿಕ್ಕಂದಿನಿಂದಲೇ ಬಾಯಿಪಾಠವಾಗಿತ್ತು. ಕೂರಬೇಕೆನಿಸಿತು, ಆದರೆ ನನ್ನ ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವರು ಕೂತಿದ್ದರು.

ಆ ವಾರವೇ ಕಂಪ್ಲಿಗೆ ಹೋದೆ. ಮೊದಲ ಐತವಾರ ಗಾಡಿ ಚಾಲೂ ಆಯಿತು. ಶರಣಪ್ಪನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿಲ್ಲಿನ ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಎರಡನೆಯ ಗೇರಿಗೆ ಬಂದಾಗ ಗಾಡಿ ಒಂದು ಸಲ ಕೆಮ್ಮಿತು. ಥೇಟ್ ಅಪ್ಪನ ಕೆಮ್ಮು. ಅಪ್ಪ ಅದನ್ನು ಸುಮ್ಮನೆ ಸೇರಿಸಿದ್ದಲ್ಲ, ಗಾಡಿಯಿಂದಲೇ ಕಲಿತದ್ದು ಎಂದು ಆಗ ಗೊತ್ತಾಯಿತು. ಕೆಳಗಿಳಿದು, ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಆಮೇಲಿನ ಐತವಾರಗಳಲ್ಲಿ ಅದು ಚಾಲೂ ಆದದ್ದು ಅಪರೂಪ. "ಇವತ್ತ ಅದಕ್ಕ ಮನಸಿಲ್ಲ ಬಿಡ್ರಿ" ಎನ್ನುತ್ತಿದ್ದರು ಶರಣಪ್ಪನವರು. "ಮುಂದಿನ ಐತವಾರ ಬರ್ರಿ." ಎದುರಿನ ಬಂಡಿಯಿಂದ ಮಂಡಕ್ಕಿ, ಮಿರ್ಚಿ ಬರುತ್ತಿದ್ದವು. ನಾನು ಮಾಡಿಕೊಟ್ಟ ಹಲ್ಲಿನಲ್ಲಿ ಅವರು ಮಿರ್ಚಿ ಕಚ್ಚುವುದನ್ನು ನೋಡುವುದು ನನಗೆ ಹೆಮ್ಮೆಯ ವಿಷಯ. ಚಹಾ ಆದ ಮೇಲೆ ವ್ಯಾಪಾರ. ಅವರದು ದನದ ಸಂತೆಯ ಪದ್ಧತಿ. ಎತ್ತಿಗೆ ಬೆಲೆ ಕಟ್ಟುವ ಹಾಗೆ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ರೇಟು ಹೇಳಬೇಕು. ಬಾಯಿಬಿಟ್ಟು ಹೇಳಿದರೆ ಸುತ್ತಲಿನವರಿಗೆ ತಿಳಿದುಬಿಡುತ್ತದಂತೆ. ಮಿಲ್ಲಿನಲ್ಲಿ ನಮ್ಮ ಸುತ್ತ ಇದ್ದದ್ದು ಗುಬ್ಬಿಗಳು.

"ಗುಬ್ಬಿ ಕೇಳ್ತಾವೇನ್ರಿ?" ಎಂದೆ.

"ಯಾರ್ ಬಲ್ಲರು? ಕೈ ಕೊಡ್ರಿ ನೀವು."

ಮೊದಲ ಸಲ ಅವರ ಕೈ ನನ್ನ ಕೈ ಹಿಡಿದಾಗ ಬೆಚ್ಚಿಬಿದ್ದೆ. ದಿನಕ್ಕೆ ಹತ್ತು ಹದಿನೈದು ಜನರ ಬಾಯೊಳಗೆ ಬೆರಳಾಡಿಸುವವನು ನಾನು, ಆದರೆ ಅದು ರಬ್ಬರು ತೊಟ್ಟ ಕೈ. ನನ್ನ ಬರಿಗೈಯನ್ನು ಇನ್ನೊಬ್ಬರು ಹಿಡಿದು ಎಷ್ಟು ಕಾಲವಾಗಿತ್ತೋ ನೆನಪಿಗೇ ಬರಲಿಲ್ಲ. ಮೂಟೆ ಎಳೆದೆಳೆದು ಒರಟಾಗಿದ್ದ ಆ ಕೈ ಬೆಚ್ಚಗಿತ್ತು. ಅವರು ಎಷ್ಟು ಬೆರಳು ಒತ್ತಿದರೆಂದು ಎಣಿಸುವುದನ್ನೇ ಮರೆತೆ. "ಒಪ್ಪಿಗಿಲ್ರಿ" ಎಂದೆ, ಮುಂದಿನ ವಾರ ಇನ್ನೊಮ್ಮೆ ಕೈ ಕೊಡಬಹುದಲ್ಲ ಎಂದು.

ಹೀಗೆ ತಿಂಗಳುಗಳು ಹೋದವು. ನಂದಿನಿಗೆ, ಐದು ಸೀಟಿನ ಗಾಡಿಯಲ್ಲಿ ನಾನೊಬ್ಬ ಕೂತರೆ ನಾಲ್ಕು ಖಾಲಿ, ಎರಡು ಸೀಟಿನದರಲ್ಲಿ ಒಂದೇ ಖಾಲಿ ಎಂಬ ಡೌಟನ್ನೂ ಹೇಳಿದೆ. ಅವಳ ಕಂಪನಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆವತ್ತು ಫೋನು ಇಟ್ಟ ಮೇಲೆ ನನಗೇ ಹೊಳೆಯಿತು. ಒಂದನ್ನು ಆರಿಸಿದರೆ ಇನ್ನೊಂದು ತಪ್ಪುತ್ತದೆ ಎಂದು ನಾನು ಹಿಂಜರಿಯುತ್ತಿರಲಿಲ್ಲ. ಗಾಡಿ ಕೊಂಡವನಿಗೆ ಸೇಲ್ಸಿನವರು ಯಾಕೆ ದಿನಾ ಫೋನು ಮಾಡುತ್ತಾರೆ? ಮಾರಿದ ಮೇಲೆ ಶರಣಪ್ಪನವರು ಯಾರಿಗೆ ಮಿರ್ಚಿ ತರಿಸುತ್ತಾರೆ? ಯಾವುದನ್ನು ಆರಿಸಿದರೂ ಇಬ್ಬರೂ ಹೋಗುತ್ತಿದ್ದರು. ವಾರಕ್ಕೆ ಆರು ದಿನ ಹನ್ನೊಂದು ಗಂಟೆಯ ಮಾತು, ಏಳನೆಯ ದಿನ ಕಂಪ್ಲಿಯ ಮಾತು, ಇಷ್ಟೇ ನನಗಿದ್ದದ್ದು. ಒಂಟಿ ಎಂಬ ಪದವನ್ನು ನಾನು ಎಂದೂ ನನಗೆ ಅಂಟಿಸಿಕೊಂಡಿರಲಿಲ್ಲ. ಆವತ್ತು ಹೌದು, ನಾನು ಒಂಟಿ, ಬಹಳ ಒಂಟಿ ಎಂದು ಒಪ್ಪಿಕೊಂಡೆ.

ಮತ್ತೆ ಕೆಲವು ವಾರ ಕಳೆದ ಮೇಲೆ ಒಂದು ಸೋಮವಾರ ಹನ್ನೊಂದಕ್ಕೆ ಫೋನಿನ ಬದಲು ನಂದಿನಿಯೇ ದವಾಖಾನೆಗೆ ಬಂದಳು.

"ಸರ್, ನನಗ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗೈತ್ರಿ. ಶನಿವಾರ ಲಾಸ್ಟ್. ತಗೊಂಡ್ರೂ ಸರಿ, ಬಿಟ್ರೂ ಸರಿ, ಒಂದ್ ಮಾತ್ ಹೇಳಿಬಿಡ್ರಿ. ನನ್ನ ಲಿಸ್ಟಿನಾಗ ನಿಮ್ ಹೆಸರು ಎಂಟ್ ತಿಂಗಳಿಂದ ಹಂಗ ಕುಂತೈತಿ. ಮ್ಯಾನೇಜರ್ ಬೈತಾರ್ರಿ."

"ನೀ ಹ್ವಾದ ಮ್ಯಾಲೆ ಯಾರ್ ಫೋನ್ ಮಾಡ್ತಾರಮ್ಮಾ?"

"ಯಾರೂ ಇಲ್ರಿ ಸರ್. ಈಗ ಕಂಪ್ಯೂಟರೇ ಮಾಡತೈತಿ."

ನನ್ನ ಕಾಲಕ್ಷೇಪಕ್ಕೆ ಆ ಹುಡುಗಿ ಎಂಟು ತಿಂಗಳು ಬೈಸಿಕೊಂಡಿದ್ದಳು. ನಾಚಿಕೆಯಾಯಿತು. ಶೋರೂಮಿನಲ್ಲಿ ಒಂದು ಗಾಡಿ ತಯಾರಿತ್ತು, ಶನಿವಾರ ಹೋಗಿ ತೆಗೆದುಕೊಂಡೆ. ಅಲ್ಲೊಂದು ಪದ್ಧತಿ. ಗಾಡಿ ಕೊಂಡವರ ಮನೆಯವರೆಲ್ಲ ಆ ರಟ್ಟಿನ ಬೀಗದಕೈ ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಫೋಟೋದವನು "ಫ್ಯಾಮಿಲಿ ಕರೀರಿ ಸರ್" ಎಂದ. ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಇರಬಹುದೇನೋ ಎಂಬಂತೆ. ಮೂರಡಿ ಬೀಗದಕೈಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ನೆಲಕ್ಕೆ ಬಾಗಿತ್ತು. ನಂದಿನಿ ಸರಸರನೆ ಬಂದು ಆ ತುದಿ ಎತ್ತಿ ಹಿಡಿದು "ಹ್ಞಾಂ, ತಗೀ ಈಗ" ಎಂದಳು. ನಿಂಬೆಹಣ್ಣನ್ನು ಗಾಲಿಯ ಕೆಳಗಿಟ್ಟವಳೂ ಅವಳೇ. ಹೋಗುವಾಗ ರಟ್ಟಿನ ಬೀಗದಕೈಯನ್ನು ಹಿಂದಿನ ಸೀಟಿಗೆ ಹಾಕಿದಳು, ಶೋರೂಮಿನವರು ಹೊಸದು ಮಾಡಿಸುತ್ತಾರೆ, ಇದು ನಿಮಗಿರಲಿ ಎಂದು.

ಮಾರನೆಯ ದಿನ ಐತವಾರ. ಶರಣಪ್ಪನವರಿಗೆ ಹೇಳಿ ಬರುವುದೆಂದು ಹೊರಟೆ. ಕಾಲುವೆ, ಬಾಳೆತೋಟ, ಭತ್ತದ ಗದ್ದೆಗಳನ್ನು ದಾಟುವವರೆಗೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ: "ಶರಣಪ್ನೋರ, ನಿಮ್ ಗಾಡಿ ನನಗ ಬ್ಯಾಡ್ರಿ." ಹೊಸ ಗಾಡಿಯನ್ನು ಅವರ ಗೇಟಿನೆದುರೇ ನಿಲ್ಲಿಸುವುದು ಕ್ರೂರವೆನಿಸಿ, ಒಂದು ಫರ್ಲಾಂಗು ಹಿಂದೆ ಬೇವಿನ ಮರದ ಕೆಳಗೆ ಬಿಟ್ಟು ನಡೆದು ಹೋದೆ.

"ಬರ್ರಿ ಡಾಕ್ಟ್ರ, ಕುಂದ್ರಿ."

"ಒಂದ್ ಮಾತ್ ಹೇಳೂದೈತ್ರಿ."

"ಹೇಳೀರಂತ. ಮೊದಲ ಚಾಲೂ ಮಾಡಿ ನೋಡೂಣು."

ಚಾಲೂ ಆಗಲಿಲ್ಲ. ಇವತ್ತೂ ಮನಸ್ಸಿಲ್ಲ ಅದಕ್ಕೆ ಎನ್ನುತ್ತಾ ಅವರು ಚಹಾ ಇಡಲು ಒಳಗೆ ಹೋದರು. ಬಾಯಿ ಒಣಗಿತ್ತು. ಒಂದು ಲವಂಗವಾದರೂ ಹಾಕಿಕೊಳ್ಳೋಣವೆಂದು ಬೆಂಚಿನ ಮೇಲಿದ್ದ ಅವರ ಎಲೆಅಡಿಕೆ ಡಬ್ಬಿ ತೆರೆದೆ. ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಕೊತ್ತು. ಅಡಿಕೆಯ ಹೋಳುಗಳ ನಡುವೆ ಹೆಬ್ಬೆರಳಿನ ಗಾತ್ರದ ಒಂದು ಕಂದು ತುಂಡು. ತಲೆಯ ಮೇಲೆ ಹಿತ್ತಾಳೆಯ ಪಟ್ಟಿ, ಕೆಳಗೆ ತೂತು. ಮೈಮೇಲೆಲ್ಲ ಸುಣ್ಣದ ಬೆರಳಿನ ಗುರುತುಗಳು, ಒಂದು ದಿನದವಲ್ಲ, ವಾರ ವಾರ ಕಿತ್ತಿಟ್ಟಾಗ ಮೂಡಿದವು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಳ್ಳರು ಗಾಡಿ ಒಯ್ಯಬಾರದೆಂದು ಅಪ್ಪ ರೋಟರ್ ಕೀಳುತ್ತಿದ್ದ. ಈ ಮುದುಕರು ನಾನು ಗಾಡಿ ಒಯ್ಯಬಾರದೆಂದು ಕಿತ್ತಿಟ್ಟಿದ್ದರು. ಒಯ್ದರೆ ನಾನು ಮತ್ತೆ ಬರುವುದಿಲ್ಲ. ಹಲ್ಲುಜ್ಜುತ್ತಾ ಡೌಟು ಹುಡುಕುತ್ತಿದ್ದ ನನ್ನ ಹಾಗೆಯೇ ಇವರೂ ಬೆಳಗ್ಗೆ ಎದ್ದು ಬಾನೆಟ್ಟು ಎತ್ತುತ್ತಿದ್ದರು. ಲವಂಗ ತೆಗೆದುಕೊಳ್ಳದೆ ಡಬ್ಬಿ ಮುಚ್ಚಿದೆ.

ಶರಣಪ್ಪನವರು ಎರಡು ಗ್ಲಾಸು ಹಿಡಿದು ಬಂದರು. "ಏನೋ ಹೇಳೂದೈತಿ ಅಂದ್ರಲ್ಲ?"

"ಏನಿಲ್ರಿ. ಮುಂದಿನ ಐತವಾರ ಸ್ವಲ್ಪ ಜಲ್ದಿ ಬರ್ಲೇನು ಅಂತ ಕೇಳೂದಿತ್ತು."

ಇದಾಗಿ ಎರಡು ತಿಂಗಳಾಯಿತು. ಹನ್ನೊಂದು ಗಂಟೆ ಈಗ ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ. ಒಂದು ದಿನ ಮಾತ್ರ ಫೋನು ಬಂತು. ಕಂಪ್ಯೂಟರಿನ ಹೆಣ್ಣು ದನಿ, ನಿಮ್ಮ ಗಾಡಿಯ ಅನುಭವಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿತು. "ನಾಷ್ಟಾ ಆತೇನಮ್ಮಾ?" ಎಂದು ಕೇಳಿ ನೋಡಿದೆ. ಒಂದರಿಂದ ಐದರೊಳಗೆ ಒತ್ತಿ ಎಂದಿತು. ಐದು ಒತ್ತಿದೆ. ಐತವಾರ ಮಾತ್ರ ತಪ್ಪಿಸಿಲ್ಲ. ಬೇವಿನ ಮರದ ಕೆಳಗೆ ಗಾಡಿ ಬಿಟ್ಟು ನಡೆದು ಹೋಗುತ್ತೇನೆ. ಗಾಡಿಗೆ ಸದ್ದಿಲ್ಲದಿರುವುದು ಎಂಥ ಉಪಕಾರ ಎಂದು ನಂದಿನಿಗೂ ಗೊತ್ತಿರಲಿಲ್ಲ.

ಹೋದ ಐತವಾರ ಶರಣಪ್ಪನವರು ಧೂಳಾಗಿದ್ದ ನನ್ನ ಚಪ್ಪಲಿಯನ್ನೇ ನೋಡುತ್ತಾ ಕೇಳಿದರು, "ಬಸ್ಸಿಗೆ ಬಂದ್ರೇನ್ರಿ?"

"ಹೌದ್ರಿ."

"ಬೂದಿ ಬಣ್ಣದ ಬಸ್ಸೇನು? ಬೇವಿನ ಗಿಡದ ಕೆಳಗ ನಿಂತಿರತೈತಲ್ಲ, ಅದು?"

ಅವರಿಗೆ ಎಷ್ಟು ವಾರದಿಂದ ಗೊತ್ತಿತ್ತೋ. ಚಹಾದ ಗ್ಲಾಸುಗಳು ಬೆಂಚಿನ ಮೇಲೆ ಹೊಗೆಯಾಡುತ್ತಿದ್ದವು. ಶರಣಪ್ಪನವರು ಹೆಗಲ ಮೇಲಿನ ಟವೆಲ್ಲು ತೆಗೆದು ಒಮ್ಮೆ ಒದರಿ, ನಮ್ಮಿಬ್ಬರ ನಡುವೆ ಹರವಿದರು. "ಕೈ ಕೊಡ್ರಿ" ಎಂದರು.

ಕೊಟ್ಟೆ. ಅವರು ಯಾವ ಬೆರಳನ್ನೂ ಒತ್ತಲಿಲ್ಲ. ನಾನೂ ಒತ್ತಲಿಲ್ಲ. ಚಹಾ ಆರಿ ಕೆನೆಗಟ್ಟುವವರೆಗೂ ಹಾಗೇ ಕೂತಿದ್ದೆವು.

"ರೇಟ್ ಕುದರವಲ್ದು ಬಿಡ್ರಿ," ಎಂದರು ಕೊನೆಗೆ, ಕೈ ಬಿಡದೆ. "ಮುಂದಿನ ಐತವಾರ ನೋಡೂಣು."